ಇಪ್ಪತ್ತೆರಡು ವರ್ಷದ ಬಿಪಿ

ಮನುಷ್ಯನ ಆರೋಗ್ಯಕ್ಕೂ ಅದರ ಖರ್ಚನ್ನು ಯಾರು ಕೊಡುತ್ತಾರೆ ಎಂಬುದಕ್ಕೂ ಏನೋ ಒಳಸಂಬಂಧವಿದೆ ಎಂದು ನನಗೆ ಬಲವಾದ ಅನುಮಾನ. ಕಂಪನಿ ಕೊಡುತ್ತಿದ್ದಷ್ಟು ದಿನ ನನ್ನ ದೇಹದ ಯಾವ ಅಂಗವೂ ತಕರಾರು ತೆಗೆಯಲಿಲ್ಲ. ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದವನು ನಾನು. ಅಷ್ಟೂ ವರ್ಷ ಇನ್ಶೂರೆನ್ಸ್ ಕಾರ್ಡು ನನ್ನ ಪರ್ಸಿನಲ್ಲಿ ಬಸ್ ಪಾಸಿನ ಹಿಂದೆ ತೆಪ್ಪಗೆ ಮಲಗಿತ್ತು. ನನ್ನ ಸಲುವಾಗಿ ಅದನ್ನು ಹೊರಗೆ ತೆಗೆದದ್ದು ಒಂದೇ ಸಲ. ಅದೂ ಪಾಸ್ ಎಂದುಕೊಂಡು ಕಂಡಕ್ಟರಿಗೆ ತೋರಿಸಿದ್ದೆ. ಆತ ನೋಡಿ, "ಆಸ್ಪತ್ರೆ ಸ್ಟಾಪ್ ಬಂದಾಗ ಹೇಳ್ತೀನಿ, ಈಗ ಪಾಸ್ ತೋರ್ಸಿ" ಎಂದಿದ್ದ. ಇಂಥ ಕಾರ್ಡನ್ನು ಕಂಪನಿಗೆ ವಾಪಸ್ ಕೊಟ್ಟು ಮನೆಗೆ ಬಂದ ಮೇಲೆ ನೋಡಿ, ಒಳಗಿನ ಅಂಗಾಂಗಗಳೆಲ್ಲ ಯೂನಿಯನ್ ಕಟ್ಟಿಕೊಂಡವು.

ನಮ್ಮ ಕಾರ್ಖಾನೆಯಲ್ಲಿ ಇದಕ್ಕೊಂದು ಮುನ್ನೆಚ್ಚರಿಕೆಯ ಪದ್ಧತಿ ಇತ್ತು. ಅದಕ್ಕೆ ಎಲ್ಲರೂ 'ಸರ್ವೀಸಿಂಗ್' ಎನ್ನುತ್ತಿದ್ದರು. ನಿವೃತ್ತಿಗೆ ಆರು ತಿಂಗಳು ಇರುವಾಗ, ಕಾರ್ಡು ಕೈಯಲ್ಲಿರುವಾಗಲೇ, ದೇಹದಲ್ಲಿ ಏನೇನು ರಿಪೇರಿಗೆ ಬಂದಿದೆಯೋ ಅಥವಾ ಮುಂದೆ ಬರಬಹುದೋ ಎಲ್ಲವನ್ನೂ ಮುಗಿಸಿಕೊಂಡುಬಿಡುವುದು. ಲೇತ್ ವಿಭಾಗದ ನಂಜುಂಡಪ್ಪ ಜನವರಿಯಲ್ಲಿ ಎಡಗಣ್ಣು, ಫೆಬ್ರವರಿಯಲ್ಲಿ ಬಲಗಣ್ಣು, ಮಾರ್ಚಿನಲ್ಲಿ ಮೂಲವ್ಯಾಧಿ, ಏಪ್ರಿಲಿನಲ್ಲಿ ಹೆಂಡತಿಯ ಮಂಡಿ ಎಂದು ತಿಂಗಳಿಗೊಂದರಂತೆ ಮಾಡಿಸಿಕೊಂಡು, ಮೇ ತಿಂಗಳ ಬೀಳ್ಕೊಡುಗೆಗೆ ಬಂದಾಗ ಕೆಲಸಕ್ಕೆ ಸೇರಿದ ದಿನಕ್ಕಿಂತ ಚೆನ್ನಾಗಿ ಕಾಣುತ್ತಿದ್ದ. ಹೋಗುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ನೀವೂ ಏನಾದ್ರೂ ಒಂದು ಮಾಡಿಸ್ಕೊಂಬಿಡಿ. ಏನೂ ಇಲ್ಲಾಂದ್ರೆ ಹೊಟ್ಟೆ ಸ್ಕ್ಯಾನಿಂಗಾದ್ರೂ ಮಾಡ್ಸಿ. ಹುಡುಕಿದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ" ಎಂದ. ನಾನು ನಕ್ಕುಬಿಟ್ಟೆ. ಇನ್ಸ್‌ಪೆಕ್ಷನ್ ವಿಭಾಗದವನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದ ಬಿಡಿಭಾಗಕ್ಕೂ ಕೆಂಪು ಬಣ್ಣ ಬಳಿದು 'ರಿಜೆಕ್ಟ್' ಎಂದು ಮುದ್ರೆ ಒತ್ತುತ್ತಿದ್ದವನು. ನನ್ನ ದೇಹದಲ್ಲಿ ದೋಷವಿದ್ದರೆ ನನಗೇ ಗೊತ್ತಾಗದೆ ಇರುತ್ತದೆಯೇ? ಆ ಜಂಬಕ್ಕೆ ಎಷ್ಟು ಬೆಲೆ ತೆತ್ತೆನೆಂದು ಆಮೇಲೆ ಹೇಳುತ್ತೇನೆ.

ನಿವೃತ್ತಿಯ ದಿನ ಪೇಟ, ಶಾಲು, ಗೋಡೆ ಗಡಿಯಾರ ಎಲ್ಲವೂ ಆದವು. ಆಮೇಲೆ ಎಚ್‌ಆರ್ ವಿಭಾಗದ ಹೆಣ್ಣುಮಗಳು ಗುರುತಿನ ಚೀಟಿ, ಸೇಫ್ಟಿ ಶೂ, ಇನ್ಶೂರೆನ್ಸ್ ಕಾರ್ಡು ಮೂರನ್ನೂ ವಾಪಸ್ ಪಡೆದು, ಬಹಳ ಕಾಳಜಿಯಿಂದ, "ಸಾರ್, ಪಾಲಿಸಿ ಇವತ್ತು ರಾತ್ರಿ ಹನ್ನೆರಡರವರೆಗೂ ವ್ಯಾಲಿಡ್ ಇರುತ್ತೆ" ಎಂದಳು. ಅಷ್ಟರೊಳಗೆ ನಾನೇನು ಮಾಡಿಕೊಳ್ಳಬೇಕೆಂದು ಅವಳು ನಿರೀಕ್ಷಿಸಿದ್ದಳೋ ತಿಳಿಯದು. ಶಾಲು ಹೊದ್ದುಕೊಂಡು, ಗಡಿಯಾರ ಕಂಕುಳಲ್ಲಿಟ್ಟುಕೊಂಡು, ರಸ್ತೆ ದಾಟುವಾಗ ಎರಡೂ ಕಡೆ ಎರಡೆರಡು ಸಲ ನೋಡಿ ಬಾಗಲಗುಂಟೆಯ ಮನೆ ಸೇರಿದೆ.

ಹೊಸ ಪಾಲಿಸಿ ಮಾಡಿಸಲು ಬಂದವನು ಮುನಿರಾಜಣ್ಣ. ದಾಸರಹಳ್ಳಿಯಲ್ಲಿ ಅವರಪ್ಪ ಹೂಕೋಸು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಇವನು ನಾಲ್ಕಂತಸ್ತು ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾನೆ. ಹೊತ್ತು ಹೋಗಲೆಂದು ಇನ್ಶೂರೆನ್ಸ್ ಏಜೆಂಟನಾಗಿದ್ದಾನೆ. ನಮ್ಮಿಬ್ಬರ ವಯಸ್ಸು ಬರೆದುಕೊಂಡು, ಮೊಬೈಲನ್ನು ಎರಡು ಸಲ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದ. ಐವತ್ತೆಂಟು ಸಾವಿರ ಎಂದಿತ್ತು. ಒಂದು ಕ್ಷಣ ಅದು ಅವನ ಫೋನಿನ ಬೆಲೆ ಇರಬೇಕು ಅಂದುಕೊಂಡೆ.

"ವರ್ಷಕ್ಕಾ?" ಎಂದೆ.

"ಊ ಸಾ, ವರ್ಸಕ್ಕೆ. ಅರವತ್ತು ದಾಟ್ತು ಅಂದ್ರೆ ರೇಟು ಏರ್ತದೆ. ಗಾಡಿ ಅಳೇದಾದಂಗೆ ಕರ್ಚು ಜಾಸ್ತಿ ಅಲ್ವಾ, ಅಂಗೇ ಇದೂ."

"ಗಾಡಿ ಹಳೇದಾದ್ರೆ ಇನ್ಶೂರೆನ್ಸ್ ಕಮ್ಮಿ ಆಗುತ್ತಲ್ಲಯ್ಯಾ!"

"ಗಾಡೀನ ಗುಜರಿಗೆ ಆಕ್ಬೋದು ಸಾ, ನಿಮ್ಮನ್ನ ಆಕಕ್ಕಾಯ್ತದಾ?"

ನನ್ನ ಪಿಂಚಣಿ ತಿಂಗಳಿಗೆ ಎರಡು ಸಾವಿರದ ಒಂಬೈನೂರು ರೂಪಾಯಿ. ವರ್ಷವಿಡೀ ಊಟ ತಿಂಡಿ ಬಿಟ್ಟು ಪಿಂಚಣಿಯನ್ನೆಲ್ಲ ಕೂಡಿಟ್ಟರೂ, ಊಟ ತಿಂಡಿ ಬಿಟ್ಟಿದ್ದರಿಂದ ಬರುವ ಕಾಯಿಲೆಗೆ ಪ್ರೀಮಿಯಂ ಕಟ್ಟುವಷ್ಟು ಆಗುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಸರೋಜ ಮಾತ್ರ, "ಕಟ್ಟಿಬಿಡಿ ರೀ. ನಿಮ್ಮ ಆರೋಗ್ಯ ಬೇರೆ ಹಿಂಗಿದೆ" ಎಂದಳು. 'ಹಿಂಗಿದೆ' ಎಂದರೆ ಹೆಂಗಿದೆ ಎಂದು ಮುನಿರಾಜಣ್ಣ ನನ್ನ ಮುಖ ನೋಡಿದ. ನಾನು ಗಡಿಯಾರ ನೋಡಿದೆ. ಅವಳು ಕಾಫಿ ತರಲು ಒಳಗೆ ಹೋದಳು.

ಹೇಗೋ ಹೊಂದಿಸಿ ಕಟ್ಟುವುದೆಂದು ಒಪ್ಪಿದೆ. ಫಾರಂ ತುಂಬುವ ಕೆಲಸ ಶುರುವಾಯಿತು. ಸಕ್ಕರೆ ಕಾಯಿಲೆ? ಇಲ್ಲ. ಅಸ್ತಮಾ? ಇಲ್ಲ. ಹೃದಯ, ಮೂತ್ರಪಿಂಡ, ಥೈರಾಯಿಡ್? ಇಲ್ಲ, ಇಲ್ಲ, ಇಲ್ಲ. ಪ್ರತಿ 'ಇಲ್ಲ'ವನ್ನೂ ಗಟ್ಟಿಯಾಗಿ, ಎದೆಯುಬ್ಬಿಸಿ ಹೇಳುತ್ತಿದ್ದೆ. "ಬಿಪಿ?" ಎಂದ ಮುನಿರಾಜಣ್ಣ. ನಾನು ಅಡುಗೆಮನೆಯ ಕಡೆ ನೋಡಿ, ಅವನ ಕಿವಿಯ ಹತ್ತಿರ ಬಾಗಿ, "ಇಲ್ಲ" ಎಂದು ಪಿಸುಗುಟ್ಟಿದೆ.

"ಇಲ್ಲ ಅನ್ನಕ್ಕೆ ಯಾಕ್ಸಾ ಪಿಸುಗುಡ್ತೀರಾ?" ಎಂದ ಅವನು, ಬೀದಿಗೆಲ್ಲ ಕೇಳುವ ಹಾಗೆ.

ಯಾಕೆಂದು ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಯಾರಿಗೂ ಹೇಳಬೇಡಿ. ನನಗೆ ಆಗ ನಲವತ್ತೊಂದು ವರ್ಷ. ಕಾರ್ಖಾನೆಯಲ್ಲಿ ಹೊಸದಾಗಿ ನೈಟ್ ಶಿಫ್ಟ್ ತಂದರು. ನಿದ್ದೆ ಎಂಬುದು ನನಗೆ ಊಟಕ್ಕಿಂತ ಹೆಚ್ಚು. ಹಗಲು ಮಲಗೋಣವೆಂದರೆ ಪಕ್ಕದಲ್ಲಿ ಹಿಟ್ಟಿನ ಗಿರಣಿ. ವೈದ್ಯರ ಸರ್ಟಿಫಿಕೇಟ್ ಇದ್ದವರಿಗೆ ನೈಟ್ ಶಿಫ್ಟಿನಿಂದ ವಿನಾಯಿತಿ ಎಂದು ನೋಟಿಸು ಹಾಕಿದರು, ಹಾಕಿದ ಒಂದೇ ವಾರದಲ್ಲಿ ನಮ್ಮ ಶೆಡ್ಡಿನಲ್ಲಿ ಬಿಪಿ ಎಂಬುದು ಕಣ್ಣುಬೇನೆಯ ಹಾಗೆ ಒಬ್ಬರಿಂದೊಬ್ಬರಿಗೆ ಹರಡಿತು. ಬಸ್ ನಿಲ್ದಾಣದ ಹಿಂದೆ ಒಬ್ಬ ಡಾಕ್ಟರಿದ್ದರು. ಬಹಳ ಒಳ್ಳೆಯ ಮನುಷ್ಯ, ಕೈ ನೋಡದೆಯೇ ಕಾಯಿಲೆ ಹೇಳುತ್ತಿದ್ದರು. ಇನ್ನೂರು ರೂಪಾಯಿ ಕೊಟ್ಟೆ. 'ಇವರಿಗೆ ಅಧಿಕ ರಕ್ತದೊತ್ತಡವಿದೆ, ರಾತ್ರಿ ನಿದ್ದೆ ಅತ್ಯಗತ್ಯ' ಎಂದು ದುಂಡಗೆ ಬರೆದುಕೊಟ್ಟರು. ಎರಡನೆಯ ಮಾತಂತೂ ಅಪ್ಪಟ ಸತ್ಯ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನೌಕರರ ಫೈಲುಗಳನ್ನು ನೋಡಿಕೊಳ್ಳುತ್ತಿದ್ದ ನಮ್ಮ ಪರ್ಸನಲ್ ಆಫೀಸರ ಹೆಂಡತಿ ನಮ್ಮದೇ ಬೀದಿಯವರು, ಸರೋಜಳ ಜೊತೆ ದಿನಾ ತರಕಾರಿಗೆ ಹೋಗುತ್ತಿದ್ದವರು. ಇವಳಿಗೆ ನಿಜ ಹೇಳಿದರೆ ಬೀನ್ಸು ಬದನೆಕಾಯಿಗಳ ನಡುವೆ ಅದು ಆಚೆ ಮನೆಗೆ ಹೋಗಿ, ಅಲ್ಲಿಂದ ಫೈಲಿಗೆ ಹೋಗುವುದು ಖಂಡಿತ. ಹಾಗಾಗಿ ಇವಳಿಗೂ ಬಿಪಿ ಎಂದೇ ಹೇಳಿದೆ. ಆ ಆಫೀಸರು ವರ್ಷದೊಳಗೆ ಕೆಲಸ ಬಿಟ್ಟು ಹೋದರು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಉಪ್ಪು ನಿಂತುಹೋಗಿತ್ತು. ಸಾರು, ಪಲ್ಯ, ಉಪ್ಪಿಟ್ಟು ಎಲ್ಲವೂ ಸಪ್ಪೆ. ಹೆಸರಿಗೆ ಉಪ್ಪಿಟ್ಟು! ಬೇರೆ ಬೇರೆ ಮಾಡುವುದು ರಗಳೆ ಎಂದು ಅವಳೂ ಅದನ್ನೇ ತಿನ್ನತೊಡಗಿದಳು. ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಎದುರಿಗೆ ನಿಂತು, "ಮಾತ್ರೆ ತಗೊಂಡ್ರಾ?" ಎನ್ನುತ್ತಿದ್ದಳು. ಅದಕ್ಕಾಗಿ ಒಂದು ಸ್ಟೀಲ್ ಡಬ್ಬಿಯಲ್ಲಿ ಬಿ-ಕಾಂಪ್ಲೆಕ್ಸ್ ಮಾತ್ರೆ ತಂದಿಟ್ಟುಕೊಂಡೆ. ಅವಳು ಇಂಗ್ಲಿಷ್ ಓದುವವಳಲ್ಲ. ಅಂದಿನಿಂದ ಇಂದಿನವರೆಗೆ ನನ್ನ ಬಾಯಲ್ಲಿ ಒಂದು ಹುಣ್ಣು ಕಂಡಿದ್ದರೆ ಕೇಳಿ.

ಇನ್ನೇನು ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದುಂಟು. ತೆರೆದ ಬಾಯಿಗೆ ಅವಳು ಮಾತ್ರೆ ಹಾಕುತ್ತಿದ್ದಳು. ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ನನ್ನ ಬಿಪಿ ನೂರಿಪ್ಪತ್ತು, ಎಂಬತ್ತು ಎಂದು ಬಂದರೆ, "ನೋಡಿ, ಎಷ್ಟು ಕಂಟ್ರೋಲಲ್ಲಿ ಇಟ್ಟಿದೀನಿ" ಎಂದು ಆ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿಯುತ್ತಿದ್ದಳು. ಅವಳ ಮುಖದ ಆ ತೃಪ್ತಿಯನ್ನು ನೋಡಿ ನಿಜ ಹೇಳುವ ಎದೆಗಾರಿಕೆ ನನಗೆ ಬರಲಿಲ್ಲ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಮಾತ್ರ ಉಪ್ಪಿನ ಬಟ್ಟಲು ನನ್ನ ಎಲೆಯ ಪಕ್ಕದಲ್ಲೇ ಇರುತ್ತಿತ್ತು.

ನಿವೃತ್ತನಾಗಿ ಮೂರನೆಯ ವರ್ಷ, ಒಂದು ಬೆಳಿಗ್ಗೆ ಹೊಟ್ಟೆಯ ಬಲಭಾಗದಲ್ಲಿ ಯಾರೋ ಸ್ಪ್ಯಾನರ್ ಹಾಕಿ ತಿರುವಿದಂತಾಯಿತು. ತುಮಕೂರು ರಸ್ತೆಯ ಆಸ್ಪತ್ರೆಯೊಂದಕ್ಕೆ ಆಟೋದಲ್ಲಿ ಹೋದೆವು. ಪಿತ್ತಕೋಶದಲ್ಲಿ ಕಲ್ಲು, ತೆಗೆಯಬೇಕು ಎಂದರು. "ಬಹಳ ವರ್ಷದಿಂದ ಇದ್ದ ಹಾಗಿದೆ" ಎಂದರು ಸ್ಕ್ಯಾನಿಂಗ್ ಮಾಡಿದವರು. ಆ ನೋವಿನಲ್ಲೂ ನಂಜುಂಡಪ್ಪನ ಮುಖ ಕಣ್ಣೆದುರು ಬಂತು.

ಗಾಲಿಯ ಮಂಚದ ಮೇಲೆ ನಾನು ಮುದುಡಿಕೊಂಡು ಮಲಗಿದ್ದಾಗ, ಡ್ಯೂಟಿ ಡಾಕ್ಟರಮ್ಮ ಪ್ಯಾಡ್ ಹಿಡಿದು ಬಂದು ಸರೋಜಳನ್ನು ಕೇಳಿದರು. "ಅಮ್ಮ, ಇವರಿಗೆ ಶುಗರ್, ಬಿಪಿ ಏನಾದ್ರೂ ಇದ್ಯಾ?"

"ಶುಗರ್ ಇಲ್ಲಮ್ಮ. ಬಿಪಿ ಇದೆ."

"ಎಷ್ಟು ವರ್ಷದಿಂದ?"

"ಈ ಯುಗಾದಿಗೆ ಇಪ್ಪತ್ತೆರಡು ವರ್ಷ ಆಯ್ತು" ಎಂದಳು ಸರೋಜ, ಮಗನ ವಯಸ್ಸು ಹೇಳುವವರ ಹಾಗೆ. "ದಿನಾ ಒಂದು ಮಾತ್ರೆ. ಒಂದಿನ ತಪ್ಪಿಸಿಲ್ಲ. ಉಪ್ಪಂತೂ ಮನೇಲಿ ಹಾಕೋದೇ ಇಲ್ಲ."

"ವೆರಿ ಗುಡ್ ಅಮ್ಮ, ಅದಕ್ಕೇ ಇವತ್ತೂ ನಾರ್ಮಲ್ ಇದೆ" ಎಂದು ಡಾಕ್ಟರಮ್ಮ ಬರೆದುಕೊಂಡರು. ನನಗೆ ಎಲ್ಲವೂ ಕೇಳಿಸುತ್ತಿತ್ತು. 'ಇಲ್ಲ ಮೇಡಂ' ಎನ್ನಲು ಎರಡೇ ಪದ ಸಾಕಿತ್ತು. ಹೆಂಡತಿ ತಲೆ ಸವರುತ್ತ ನಿಂತಿದ್ದಳು, ಹೊಟ್ಟೆ ಕಿತ್ತು ಬರುತ್ತಿತ್ತು, ಇಂಥ ಹೊತ್ತಿನಲ್ಲಿ ಯಾಕೆ ಎಂದು ಸುಮ್ಮನಾದೆ. ನನ್ನ ಜೀವನದಲ್ಲಿ ಅಷ್ಟು ದುಬಾರಿಯ ಮೌನವನ್ನು ನಾನು ಇನ್ಯಾವತ್ತೂ ಆಚರಿಸಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೆಯ ದಿನ ಡಿಸ್‌ಚಾರ್ಜ್ ಎಂದರು. ಬೆಳಿಗ್ಗೆ ಎಂಟಕ್ಕೇ ಪ್ಯಾಂಟು ಹಾಕಿಕೊಂಡು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತೆ. ಇನ್ಶೂರೆನ್ಸಿನಿಂದ ಒಪ್ಪಿಗೆ ಬರಬೇಕಂತೆ. ಹತ್ತಾಯಿತು, ಹನ್ನೆರಡಾಯಿತು, ಎರಡಾಯಿತು. ಮೂರೂವರೆಗೆ ಇನ್ಶೂರೆನ್ಸ್ ಕೌಂಟರಿನವರು ಬಂದು, "ಸಾರ್, ಕ್ಯಾಶ್‌ಲೆಸ್ ಡಿನೈ ಆಗಿದೆ, ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡ್ಕೋಬೇಕು" ಎಂದು ಬಿಲ್ಲು ಕೈಗಿತ್ತರು. ಏಳು ಹಾಳೆ. ಒಂದು ಲಕ್ಷದ ನಲವತ್ತಾರು ಸಾವಿರ. ಹೊಲಿಗೆ ಹಾಕಿದ ಜಾಗ ಚುರುಕ್ ಎಂದಿತು.

ಹಳೆಯ ಚಾಳಿ ಬಿಡುತ್ತದೆಯೇ? ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ತಪಾಸಣೆ ಮಾಡುತ್ತ ಹೋದೆ. ಕೈಗವಸು ಮೂವತ್ತೆಂಟು ಜೊತೆ ಎಂದಿತ್ತು. ಆ ನಾಲ್ಕು ದಿನ ನನ್ನ ಹತ್ತಿರ ಬಂದವರನ್ನೆಲ್ಲ ನೆನಪಿಸಿಕೊಂಡು, ಕಾಫಿ ತಂದವನಿಗೂ ಕಸ ಗುಡಿಸಿದವಳಿಗೂ ನೋಡಲು ಬಂದ ನೆರೆಯವರಿಗೂ ಮನಸ್ಸಿನಲ್ಲೇ ಒಂದೊಂದು ಜೊತೆ ತೊಡಿಸಿದರೂ ಇಪ್ಪತ್ತಕ್ಕೆ ಮೇಲೆ ಹೋಗಲಿಲ್ಲ. ಬಿಲ್ಲಿಂಗಿನಲ್ಲಿ ಕೇಳಿದರೆ, "ಅದು ಸಿಸ್ಟಮ್ಮೇ ತಗೊಳ್ಳುತ್ತೆ ಸಾರ್" ಎಂದರು. ಹಾಗಿದ್ದರೆ ತೊಟ್ಟುಕೊಂಡಿದ್ದೂ ಸಿಸ್ಟಮ್ಮೇ ಇರಬೇಕು. ಇನ್ನೊಂದು ಸಾಲಿನಲ್ಲಿ 'ಅಡ್ಮಿಷನ್ ಕಿಟ್' ಎಂದು ಆರುನೂರು ಚಿಲ್ಲರೆ ಹಾಕಿದ್ದರು. ಅದರಲ್ಲಿ ಶಾಂಪೂ ಮತ್ತು ಬಾಚಣಿಗೆ ಇದ್ದುವು. ನನ್ನ ತಲೆಯನ್ನು ನೋಡಿದವರಿಗೆ ಇದು ಬಿಲ್ಲೋ ಗೇಲಿಯೋ ಎಂದು ಅನುಮಾನ ಬಾರದಿರದು.

ಹಣ ಎಲ್ಲಿಂದ ಬಂತು ಎಂಬುದನ್ನು ನಗುತ್ತ ಹೇಳಲು ನನಗಾಗುವುದಿಲ್ಲ. ಸರೋಜ ಹದಿನೈದು ವರ್ಷ ಬೀದಿಯವರ ರವಿಕೆ ಹೊಲಿದು, ಸೀರೆಗೆ ಫಾಲ್ ಹಾಕಿ, ಒಂದು ಡಿಪಾಸಿಟ್ ಮಾಡಿದ್ದಳು. ಮಹಡಿಯ ಮೇಲೆ ಒಂದು ರೂಮು ಹಾಕಿಸಿ ಬಾಡಿಗೆಗೆ ಬಿಡಬೇಕು, ನಿಮ್ಮ ಪಿಂಚಣಿಯ ಜೊತೆ ಅದೂ ಆದರೆ ಯಾರ ಮುಂದೂ ಕೈಚಾಚಬೇಕಿಲ್ಲ ಎನ್ನುತ್ತಿದ್ದಳು. ಅವತ್ತು ಸಂಜೆಯೊಳಗೆ ಅದನ್ನು ಮುರಿಸಿದಳು. ಬ್ಯಾಂಕಿನಿಂದ ಬಂದವಳು, "ಹೋಗ್ಲಿ ಬಿಡಿ, ಇನ್ಶೂರೆನ್ಸ್ ಕಂಪನಿಯೋರು ಕೊಡ್ತಾರಲ್ಲ, ಮತ್ತೆ ಹಾಕಿದ್ರಾಯ್ತು" ಎಂದು ನನಗೇ ಸಮಾಧಾನ ಹೇಳಿದಳು.

ಕ್ಲೇಮ್ ಹಾಕಿದ ಮೂರು ವಾರಕ್ಕೆ ಪತ್ರ ಬಂತು. ಇಪ್ಪತ್ತೆರಡು ವರ್ಷದಿಂದ ಇದ್ದ ರಕ್ತದೊತ್ತಡವನ್ನು ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟ ಕಾರಣ ತಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ ಎಂದಿತ್ತು. ಆ ಪದವನ್ನು ನಾನು ಮೂವತ್ತಾರು ವರ್ಷ ಲಕ್ಷಾಂತರ ಕಬ್ಬಿಣದ ತುಂಡುಗಳ ಮೇಲೆ ಒತ್ತಿದ್ದೇನೆ. ಒತ್ತಿಸಿಕೊಂಡವರ ಪಾಡು ಏನೆಂದು ಅವತ್ತೇ ತಿಳಿದದ್ದು. ಪತ್ರದ ಅರ್ಥ ಹೇಳಿದಾಗ ಸರೋಜ ನನಗಿಂತ ಹೆಚ್ಚು ಬೆಚ್ಚಿಬಿದ್ದಳು.

"ಅಲ್ರೀ, ಬಿಪಿ ಇದೆ ಅಂತ ನೀವು ಬರೆಸ್ಲಿಲ್ವಾ?"

"ಇಲ್ಲ."

"ಸುಳ್ಳು ಬರೆಸಿದ್ರಾ? ನೀವಾ?"

ನನ್ನ ಇಡೀ ಬದುಕಿನಲ್ಲಿ ಬಿಪಿಯ ವಿಷಯದಲ್ಲಿ ನಾನು ಬರೆಸಿದ ಏಕೈಕ ಸತ್ಯ ಅದೊಂದೇ. ಅದಕ್ಕೇ ಹೆಂಡತಿಯ ಮುಂದೆ ಸುಳ್ಳುಗಾರನಾಗಿ ತಲೆ ತಗ್ಗಿಸಿ ನಿಂತೆ.

ಮುನಿರಾಜಣ್ಣನ ಕಟ್ಟಡಕ್ಕೆ ಹೋಗಿ, ನೀರಿನ ಟ್ಯಾಂಕಿನ ಪಕ್ಕ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಸಲ ನಕ್ಕ. "ಸಾ, ಬಿಪಿ ಐತೆ ಅಂತ ಸಾಬೀತು ಮಾಡೋರ್ನ ಕಂಡಿದೀನಿ, ಇಲ್ಲ ಅಂತ ಮಾಡೋರು ನೀವೇ ಫಸ್ಟು. ಆ ಡಾಕ್ಟ್ರ ತಾವ ಬರುಸ್ಕೊಂಡ್ ಬನ್ನಿ, ಆವತ್ತು ಕೊಟ್ಟಿದ್ದು ಸುಳ್ಳು ಅಂತ."

"ಅವರು ಹೋಗಿ ಹತ್ತು ವರ್ಷ ಆಯ್ತಯ್ಯಾ. ಅಲ್ಲೀಗ ಮೊಬೈಲ್ ಅಂಗಡಿ."

"ಅಂಗಾದ್ರೆ ಒಂದೇ ದಾರಿ. ಬಿಪಿ ಐತೆ ಅಂದೋರು ಅಕ್ಕೋರು. ಇಲ್ಲ ಅಂತ ಅವ್ರೇ ಬರ್ಕೊಡ್ಬೇಕು. ಅಕ್ಕೋರ್ಗೆ ನಿಜ ಯೋಳ್ಬಿಡಿ ಸಾ."

ಹೇಳುವುದು ಸುಲಭ. ಒಂದು ಕಡೆ ಅವಳ ಹದಿನೈದು ವರ್ಷದ ಹೊಲಿಗೆ, ಇನ್ನೊಂದು ಕಡೆ ಇಪ್ಪತ್ತೆರಡು ವರ್ಷದ ಸಪ್ಪೆ ಸಾರು. ಹಣ ವಾಪಸ್ ಬರಬೇಕೆಂದರೆ ಮರ್ಯಾದೆ ಹೋಗಬೇಕು. ಹನ್ನೊಂದು ದಿನ ಪ್ರಯತ್ನಪಟ್ಟೆ. "ಸರೋಜ, ಒಂದು ವಿಷಯ" ಎಂದು ಶುರುಮಾಡಿ, ಗ್ಯಾಸ್ ಬುಕ್ ಮಾಡಿದೆಯಾ, ನಲ್ಲಿ ನೀರು ಬಂತಾ ಎಂದು ಮುಗಿಸುತ್ತಿದ್ದೆ. ಕೊನೆಗೆ ಹೇಡಿಯ ದಾರಿ ಹಿಡಿದೆ. ಆಸ್ಪತ್ರೆಯಲ್ಲಿ ತಪ್ಪು ಬರೆದುಕೊಂಡಿದ್ದಾರೆ, ನನಗೆ ಬಿಪಿ ಇಲ್ಲವೇ ಇಲ್ಲ, ಮತ್ತೊಮ್ಮೆ ಪರಿಶೀಲಿಸಿ ಎಂದು ಗುಟ್ಟಾಗಿ ಒಂದು ಅರ್ಜಿ ಕಳಿಸಿದೆ. ಪರಿಶೀಲಿಸುವುದು ಎಂದರೆ ಅವರು ಮನೆಗೇ ಬರುತ್ತಾರೆ ಎಂದು ನನಗೇನು ಗೊತ್ತು?

ಬಂದವರು ಪಾಟೀಲರು. ಧಾರವಾಡದ ಕಡೆಯವರು, ಐವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಇನ್ಶೂರೆನ್ಸ್ ಕಂಪನಿಯ ಪರವಾಗಿ ಮನೆಮನೆಗೆ ಹೋಗಿ ವಿಚಾರಣೆ ಮಾಡುವುದು ಅವರ ಕೆಲಸವಂತೆ. ಬೆಳಗಿನ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತಿದ್ದರು. ಸರೋಜ ಕೂರಿಸಿ ಅವಲಕ್ಕಿ ಕೊಟ್ಟಳು. ಒಂದು ತುತ್ತು ಬಾಯಿಗಿಟ್ಟ ಪಾಟೀಲರ ಮುಖ ಸ್ವಲ್ಪ ಬದಲಾಯಿತು.

"ಅಕ್ಕಾರ, ಒಂದ್ ಸ್ವಲ್ಪ ಉಪ್ಪು ಸಿಗತೈತೇನ್ರಿ?"

"ಅಯ್ಯೋ, ನಮ್ಮನೇಲಿ ಉಪ್ಪು ಹಾಕೋದಿಲ್ಲ ಸಾರ್. ಇವರಿಗೆ ಬಿಪಿ ಅಲ್ವಾ?"

ಪಾಟೀಲರು ನನ್ನ ಕಡೆ ನೋಡಿ, ಬ್ಯಾಗಿನಿಂದ ನನ್ನ ಅರ್ಜಿಯನ್ನು ತೆಗೆದರು. "ಸಾಹೇಬ್ರು ಬಿಪಿ ಇಲ್ಲ ಅಂತ ಬರದಾರಲ್ರಿ ಇದರಾಗ."

"ಇದೆ ಸಾರ್, ಇಪ್ಪತ್ತೆರಡು ವರ್ಷದಿಂದ ಇದೆ. ಯಾಕ್ರೀ ಹಂಗೆಲ್ಲ ಬರೆದ್ರಿ?" ಎನ್ನುತ್ತಲೇ ಅವಳು ಒಳಗೆ ಹೋಗಿ ಸ್ಟೀಲ್ ಡಬ್ಬಿ ತಂದು ಅವರ ಕೈಗಿತ್ತಳು. "ನೋಡಿ, ದಿನಾ ನಾನೇ ಕೊಡೋದು."

ಪಾಟೀಲರು ಕನ್ನಡಕ ಏರಿಸಿಕೊಂಡು ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. "ಅಕ್ಕಾರ, ಇದು ವಿಟಮಿನ್ ಗುಳಿಗಿ ಐತ್ರಿ. ಬಿಪಿದಲ್ಲ" ಎಂದರು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಇನ್ನು ತಪ್ಪಿಸಿಕೊಳ್ಳಲು ಯಾವ ಸಂದಿಯೂ ಉಳಿದಿರಲಿಲ್ಲ. ನೈಟ್ ಶಿಫ್ಟು, ಸರ್ಟಿಫಿಕೇಟು, ಪರ್ಸನಲ್ ಆಫೀಸರ ಹೆಂಡತಿ, ಎಲ್ಲವನ್ನೂ ನೆಲ ನೋಡುತ್ತ ಒಪ್ಪಿಸಿಬಿಟ್ಟೆ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಗೋಡೆಗೊರಗಿ ನಿಧಾನವಾಗಿ ನೆಲದ ಮೇಲೆ ಕೂತಳು. ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದಂಥ ದನಿಯಲ್ಲಿ, "ನಮ್ಮಮ್ಮ ಕೊನೇ ಸಲ ಮಾಗಡಿಯಿಂದ ಬಂದಾಗ ನನಗೆ ಅಂತ ನಿಂಬೆಕಾಯಿ ಉಪ್ಪಿನಕಾಯಿ ಹಾಕ್ಕೊಂಡು ತಂದಿದ್ರು. ಜಾಡಿ ಮನೇಲಿದ್ರೆ ಇವರು ಕೈ ಹಾಕ್ತಾರೆ, ಬಿಪಿ ಏರುತ್ತೆ ಅಂತ ಹಂಗೇ ವಾಪಸ್ ಕಳಿಸ್ಬಿಟ್ಟೆ. ಬಸ್ಸಲ್ಲಿ ಜಾಡಿ ತೊಡೆ ಮೇಲಿಟ್ಕೊಂಡು ಹೋದ್ರು" ಎಂದಳು.

ಇದು ನನಗೆ ಗೊತ್ತಿರಲಿಲ್ಲ. ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಪ್ರೀಮಿಯಂ ಕಂಡು ಹೌಹಾರಿದ್ದೆ, ಬಿಲ್ಲು ಕಂಡು ಬೆವತಿದ್ದೆ. ಆದರೆ ಎದೆಯಲ್ಲಿ ಏನೋ ಮುರಿದ ಹಾಗೆ ಆಗಿದ್ದು ಆಗಲೇ. ನಾಲ್ಕು ರಾತ್ರಿಯ ನಿದ್ದೆ ಉಳಿಸಿಕೊಳ್ಳಲು ಎಂಥ ಕೆಲಸ ಮಾಡಿಬಿಟ್ಟೆ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಪಾಟೀಲರು ಸಪ್ಪೆ ಅವಲಕ್ಕಿಯನ್ನೇ ಬಗ್ಗಿ ಬಗ್ಗಿ ತಿನ್ನುತ್ತಿದ್ದರು, ಪಾಪ, ಎಲ್ಲಿ ನೋಡುವುದೆಂದು ತಿಳಿಯದೆ.

ಕೊನೆಗೆ ಸರೋಜಳೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನನ್ನ ದುಡ್ಡು ವಾಪಸ್ ಬರಬೇಕು ಅಂದ್ರೆ ನಾನೇನು ಮಾಡ್ಬೇಕು ಸಾರ್?" ಎಂದಳು. ಒಂದು ಹೇಳಿಕೆ ಬರೆದು ಸಹಿ ಮಾಡಬೇಕು ಎಂದರು ಪಾಟೀಲರು. "ಬರ್ಕೊಳ್ಳಿ. ನನ್ನ ಗಂಡನಿಗೆ ಬಿಪಿ ಇಲ್ಲ. ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಇವರ ಮಾತು ನಂಬಿ. ಇವರಿಗೆ ಇರೋದು ಸುಳ್ಳು ಹೇಳೋ ಕಾಯಿಲೆ, ಅದು ಇಪ್ಪತ್ತೆರಡು ವರ್ಷದಿಂದ ಇದೆ."

ಪಾಟೀಲರು ಪೆನ್ನು ನಿಲ್ಲಿಸಿ, ಬಹಳ ಗಂಭೀರವಾಗಿ, "ಕಡೀ ಮಾತು ಬರಿಯೂದು ಬ್ಯಾಡ್ರಿ ಅಕ್ಕಾರ. ಆ ಬ್ಯಾನಿಗೆ ಯಾವ ಪಾಲಿಸಿಯೊಳಗೂ ಕವರೇಜ್ ಇಲ್ಲ. ಅದನ್ನೂ ಮುಚ್ಚಿಟ್ಟಾರ ಅಂತ ಮತ್ತ ರಿಜೆಕ್ಟ್ ಮಾಡಿಬಿಡ್ತಾರ" ಎಂದರು. ಸರೋಜ ನಗಲಿಲ್ಲ. ಸಹಿ ಮಾತ್ರ ಅಚ್ಚುಕಟ್ಟಾಗಿ ಹಾಕಿದಳು.

ತಿಂಗಳ ಮೇಲೆ ಹಣ ಬಂತು. ಬಾಚಣಿಗೆ, ಶಾಂಪೂ, ಕೈಗವಸು ಕಳೆದು ಒಂದು ಲಕ್ಷದ ಇಪ್ಪತ್ತೊಂಬತ್ತು ಸಾವಿರ. ಉಳಿದದ್ದನ್ನು ನಾನು ಪಿಂಚಣಿಯಿಂದ ತಿಂಗಳು ತಿಂಗಳು ತುಂಬಿಕೊಡುತ್ತೇನೆಂದೆ, ಆಯಿತು ಎಂದಳು. ಡಿಪಾಸಿಟನ್ನು ಮತ್ತೆ ತನ್ನ ಹೆಸರಿಗೆ ಹಾಕಿದಳು. ಮಾರುಕಟ್ಟೆಯಿಂದ ನಿಂಬೆಹಣ್ಣು ತಂದು ಒಂದು ಜಾಡಿ ಉಪ್ಪಿನಕಾಯಿಯನ್ನೂ ಹಾಕಿದಳು. ಊಟಕ್ಕೆ ಕೂತಾಗ ಜಾಡಿ ಅವಳ ತಟ್ಟೆಯ ಪಕ್ಕ ಇರುತ್ತಿತ್ತು. ನನಗೆ ಬಡಿಸುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಮಾತೇನೋ ಮೊದಲಿನ ಹಾಗೇ ಆಡುತ್ತಿದ್ದಳು. ಆದರೆ ಪೇಟೆಗೆ ಹೋಗಿ ಬಂದು ಬೆಂಡೆಕಾಯಿ ಸಿಗಲಿಲ್ಲ ಎಂದರೆ, ಒಂದು ಕ್ಷಣ ನನ್ನ ಮುಖ ನೋಡಿ, "ಹೌದಾ?" ಎನ್ನುತ್ತಿದ್ದಳು. ಆ 'ಹೌದಾ' ನನಗೆ ಹೊಸದು.

ಕಳೆದ ವಾರ ಪಾಲಿಸಿ ನವೀಕರಣದ ಸಂದೇಶ ಬಂತು. ಎಪ್ಪತ್ತೊಂಬತ್ತು ಸಾವಿರ ಎಂದಿತ್ತು. ಕನ್ನಡಕ ಒರೆಸಿಕೊಂಡು ನೋಡಿದರೂ ಅಷ್ಟೇ ಇತ್ತು. ಕಣ್ಣು ಕತ್ತಲಿಟ್ಟು, ಗೋಡೆ ಹಿಡಿದು ಕೂತೆ. ಈ ಸಲ ನಾಟಕವಲ್ಲ, ಆಣೆ. ಸರೋಜ ಸೊಪ್ಪು ಬಿಡಿಸುತ್ತಿದ್ದಳು. "ತಲೆ ಸುತ್ತುತ್ತೆ ಕಣೇ" ಎಂದೆ. ಅವಳು ತಲೆಯೆತ್ತದೆ, "ಈಗ್ಯಾವ ಶಿಫ್ಟು ಇದೆ ನಿಮಗೆ?" ಎಂದಳು.

ಸಂಜೆ ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದೆ. ಈಗಿನ ಕಾಲದ ಡಾಕ್ಟರು. ಎರಡೂ ತೋಳಿಗೆ ಪಟ್ಟಿ ಸುತ್ತಿ, ಮೂರು ಸಲ ನೋಡಿ, ಎರಡು ದಿನ ಬಿಟ್ಟು ಮತ್ತೆ ಕರೆಸಿ ನೋಡಿ, ನೂರೆಪ್ಪತ್ತು ಇದೆ, ಇನ್ನು ದಿನಾ ಮಾತ್ರೆ ತಪ್ಪಿಸಬೇಡಿ, ಉಪ್ಪು ಮುಟ್ಟಬೇಡಿ ಎಂದು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿ, ಮೊಹರು ಒತ್ತಿ ಚೀಟಿ ಕೊಟ್ಟರು. ಅದನ್ನು ತಂದು ಎರಡು ಕೈಯಲ್ಲಿ ಹಿಡಿದು ಸರೋಜಳ ಮುಂದಿಟ್ಟೆ. ಅವಳು ಚೀಟಿಯನ್ನು ತೆಗೆದುಕೊಂಡು ಪಾಟೀಲರ ಹಾಗೆಯೇ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ತುಂಬಾ ಶಾಂತವಾಗಿ ಕೇಳಿದಳು: "ಇದಕ್ಕೆ ಎಷ್ಟು ಕೊಟ್ರಿ?"

ಡಾಕ್ಟರ ಫೀಸು ಅಂತ ನಾನೂರು ಕೊಟ್ಟಿದ್ದೆನಾದ್ದರಿಂದ, ಏನೂ ಕೊಟ್ಟಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ.